ಮೋರು ಕೊಟ್ಟು ಕಳಿಸು

ಚೆನ್ನೈನ ಟಿ. ನಗರದ ಸೀರೆ ಅಂಗಡಿಯಲ್ಲಿ ಮೊನ್ನೆ ಮಾನ ಹೋಯಿತು. ಅಂಗಡಿಯವರದೇನೂ ತಪ್ಪಿಲ್ಲ, ತಪ್ಪು ನನ್ನ ನಾಲಿಗೆಯದು. ಹುಡುಗ ರೇಷ್ಮೆ ಸೀರೆ ಹರಡಿ ಬೆಲೆ ಹೇಳಿದ. ನಾನು ಹೆಂಡತಿ ಕಡೆ ವಾಲಿ, ದನಿ ತಗ್ಗಿಸಿ, ಮನೆ ಮಾತಿನಲ್ಲಿ, ಅಂದರೆ ನಮ್ಮ ಅಯ್ಯಂಗಾರ್ ತಮಿಳಿನಲ್ಲಿ, ಅಂದೆ: "ಜಾಸ್ತಿ ಶೊಲ್ರಾನ್. ಸುಮ್ನೆ ಪಾತ್ತುಟ್ಟು ಪೋಲಾಂ." ಜಾಸ್ತಿ ಹೇಳ್ತಾನೆ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ. ಹುಡುಗ ನಕ್ಕ. ಸುಮ್ನೆ ನೋಡೋಕೆ ದುಡ್ಡಿಲ್ಲ ಸಾರ್, ನಿಧಾನವಾಗಿ ನೋಡಿ ಅಂದ, ತಮಿಳಿನಲ್ಲಿ.

ಚೆನ್ನೈಗೆ ಬಂದು ಆರು ವರ್ಷವಾಯಿತು. ಇಲ್ಲಿ ಬೀದಿಗೆಲ್ಲ ತಮಿಳು ಬರುತ್ತೆ ಅನ್ನೋದು ಗೊತ್ತಿಲ್ಲದೆ ಏನಿಲ್ಲ. ಆದರೆ ಈ ನಾಲಿಗೆ ಹಾಸನದಲ್ಲಿ ಪಳಗಿದ್ದು. ಗುಟ್ಟು ಅಂದ ಕೂಡಲೇ ಕನ್ನಡ ಬಿಟ್ಟು ಮನೆ ಮಾತಿಗೆ ಹಾರುತ್ತೆ. ಇಲ್ಲಿ ಉಲ್ಟಾ ಹಾರಬೇಕಿತ್ತು, ಅಲ್ವಾ?

ನಾವು ಹೆಬ್ಬಾರ್ ಅಯ್ಯಂಗಾರ್‌ಗಳು. ರಾಮಾನುಜರು ಹೊಯ್ಸಳರ ಸೀಮೆಗೆ ಬಂದಾಗಿನಿಂದ ನಾವಿಲ್ಲಿದ್ದೇವೆ ಅಂತ ಹಿರಿಯರು ಹೇಳುತ್ತಿದ್ದರು. ವಿಷ್ಣುವರ್ಧನ ಬೇಲೂರಿನಲ್ಲಿ ಕೇಶವನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಆ ಲೆಕ್ಕದಲ್ಲಿ 900 ವರ್ಷದ ಮೇಲಾಯಿತು. ಇಷ್ಟು ದಿನ ಕನ್ನಡದಲ್ಲಿ ನೆನೆದ ತಮಿಳು ಏನಾಗಬೇಕೋ ಅದೇ ಆಗಿದೆ. ನನಗೆ ಆಂಡಾಳ್ ಹಾಡಿದ ತಮಿಳು ಸ್ತುತಿ ತಿರುಪ್ಪಾವೈನ 30 ಪಾಶುರವೂ (ಪದ್ಯವೂ) ಬಾಯಿಪಾಠ. ಕಲಿತದ್ದು ಕನ್ನಡ ಅಕ್ಷರದ ಪುಸ್ತಕದಲ್ಲಿ. ಬಸ್ಸಿನ ಮೇಲಿನ ತಮಿಳು ಬೋರ್ಡು ಮಾತ್ರ ಓದೋಕೆ ಬರಲ್ಲ.

ಬಂದ ಹೊಸದರಲ್ಲಿ ಪಕ್ಕದ ಫ್ಲಾಟಿನ ಮಾಮನ ಹತ್ತಿರ, ಅವರೂ ಅಯ್ಯಂಗಾರ್ರೇ, "ಬೇಜಾರ್ ಆಯ್ಡ್ಚು" ಅಂದೆ. ಅವರ ಮುಖ ಹುಳ್ಳಗಾಯಿತು. 'ಪೇಜಾರು' ಅನ್ನೋದು ಇಲ್ಲಿ ಹಳೇ ಮದ್ರಾಸಿನ ರಿಕ್ಷಾ ಸ್ಟ್ಯಾಂಡಿನ ಮಾತಂತೆ. ಹಣೆಗೆ ತಿರುಮಣ್, ಅಂದರೆ ನಾಮ, ಇಟ್ಟುಕೊಂಡವನ ಬಾಯಲ್ಲಿ ಅದು ಬಂದರೆ ಪಾಪ ಅವರು ಏನು ಮಾಡಬೇಕು.

ನಮ್ಮೂರಲ್ಲಿ ಈ ಮಾತಿನ ಕೆಲಸವೇ ಬೇರೆ. ಪಾಟಿ, ಅಂದರೆ ನಮ್ಮಜ್ಜಿ, ಇಡೀ ದಿನ ಕನ್ನಡದಲ್ಲೇ ಇರುತ್ತಿದ್ದರು. ಹಾಲಿನವಳ ಹತ್ತಿರ ಕನ್ನಡ, ಹಸುವಿನ ಹತ್ತಿರ ಕನ್ನಡ, ಬೈಗುಳವಂತೂ ಅಚ್ಚ ಹಾಸನದ್ದು. ಹೊರಗಿನವರು ಜಗಲಿ ಹತ್ತಿದ ತಕ್ಷಣ ಮಾತು ಮಗುಚಿಕೊಳ್ಳುತ್ತಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಎದುರು ಮನೆ ಗೌಡರು ಬಂದು ಕೂತಿದ್ದರು. ಮೂವತ್ತು ವರ್ಷದ ನೆರೆ. ಪಾಟಿ ಅಡುಗೆ ಮನೆಗೆ ಕೇಳುವ ಹಾಗೆ ಅಂದರು: "ಕಾಪಿಪೊಡಿ ಇಲ್ಲೆ. ಮೋರ್ ಕುಡುತ್ತು ಅನುಪ್ಪು." ಗೌಡರು ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಮಜ್ಜಿಗೇನೇ ಆಗ್ಲಿ ಅಮ್ಮಾರೇ, ಬಿಸ್ಲು ಜಾಸ್ತಿ" ಅಂದರು.

ಪಾಟಿ ಕಿವಿ ಕೆಂಪಾಗಿದ್ದನ್ನು ನಾನು ಅವತ್ತೇ ನೋಡಿದ್ದು. ಮೂವತ್ತು ವರ್ಷ ಆ ಮನುಷ್ಯನ ಎದುರು ನಾವು ಏನೇನು ಆಡಿದ್ದೆವೋ! ಅವರ ಮಗಳ ಮದುವೆ ಖರ್ಚು, ಅವರು ತೀರಿಸದ ಸಾಲ. ಗೌಡರು ಎಲ್ಲ ಕೇಳಿಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಮರ್ಯಾದೆ ಯಾರದು ದೊಡ್ಡದು, ನೀವೇ ಹೇಳಿ.

ಹಾಗಂತ ನಮ್ಮವರು ಬಿಟ್ಟರಾ? ಇಲ್ಲ. ಇವತ್ತಿಗೂ ಬೆಂಗಳೂರಿನಲ್ಲಿ ನಮ್ಮ ಕಡೆಯವರ ಬೇಕರಿಗೆ ಹೋಗಿ ನಿಂತರೆ, ಗಲ್ಲಾದ ಹಿಂದೆ ಬನ್ನಿನ ಲೆಕ್ಕ ಅದೇ ಮಾತಲ್ಲಿ ನಡೆಯುತ್ತೆ. ಒಬ್ಬರೆದುರು ಅವರಿಗೆ ತಿಳಿಯದ ಮಾತಾಡೋದು ಒರಟುತನ ಅಂತ ನನಗೆ ಅನ್ನಿಸೋಕೆ ಚೆನ್ನೈಗೆ ಬರಬೇಕಾಯಿತು. ಇಲ್ಲಿನ ಅಯ್ಯಂಗಾರ್‌ಗಳಿಗೆ ಆ ಅನುಕೂಲವೇ ಇಲ್ಲ. ಅವರು 'ತಳಿಗೆ ಆಚ್ಚಾ' ಅಂತ ಕೇಳಿದರೆ ಆಟೋದವನಿಗೂ ಅಡುಗೆಯ ಮಾತು ಅಂತ ಅಂದಾಜಾಗುತ್ತೆ. ಯಾರಾದರೂ ತೀರಿಕೊಂಡರೆ ಪೇಪರಿನಲ್ಲೇ 'ಆಚಾರ್ಯನ್ ತಿರುವಡಿ ಸೇರಿದರು' ಅಂತ ಹಾಕಿಸುತ್ತಾರೆ, ಎಲ್ಲರೂ ಓದುತ್ತಾರೆ. ಮರೆಮಾಚೋದು ಏನೂ ಇಲ್ಲ. ನನಗೆ ಅದು ಹಿಡಿಸಿತು.

ಪೂರ್ತಿ ಹಿಡಿಸಿತು ಅಂತಲೂ ಅಲ್ಲ. ತಿರುವಲ್ಲಿಕ್ಕೇಣಿ ಪಾರ್ಥಸಾರಥಿ ಗುಡಿಯಲ್ಲಿ ಒಬ್ಬರು ಫೋನಿನಲ್ಲಿ ಮಾತಿಗೊಮ್ಮೆ 'ಅಡಿಯೇನ್, ಅಡಿಯೇನ್' ಅನ್ನುತ್ತಿದ್ದರು. ಅಡಿಯಾಳು ಅಂತ ತಾನೇ ಅರ್ಥ. ತೀರ್ಥದ ಸಾಲಿನಲ್ಲಿ ಆ ಅಡಿಯಾಳು ನನ್ನ ಕಾಲು ತುಳಿದು ಮುಂದೆ ಹೋದರು.

ಈಗ ನಮ್ಮ ಮನೆಯಲ್ಲಿ ಗುಟ್ಟಿನ ಭಾಷೆ ಕನ್ನಡ. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಮಗನ ಸ್ಕೂಲಿನ ಮೀಟಿಂಗಿನಲ್ಲಿ. ಒರಟುತನ ಅಂತ ಮೇಲೆ ಬರೆದವನು ನಾನೇ. ಏನು ಮಾಡೋದು, ಬಾಯಿ ತುಂಬ ಕನ್ನಡ ಆಡೋಕೆ ಇದೊಂದೇ ನೆಪ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಪಕ್ಕದ ಮನೆ ಮಾಮಿ ದಿನಾ ಮಾಡೋದು 'ರಸಂ'. ಅದು 'ಸಾತ್ತಮುದು' ಆಗೋದು ಶ್ರಾದ್ಧದ ದಿನ ಮಾತ್ರ. ಪಾಯಸ ಪಾಯಸವೇ, ತಿರುಕ್ಕಣ್ಣಮುದು ಅಂದರೆ ಮಕ್ಕಳು ನಗುತ್ತಾರಂತೆ. ನಮ್ಮೂರಲ್ಲಿ ಸೋಮವಾರದ ತಿಳಿಸಾರೂ ಸಾತ್ತಮುದೇ. ಬೀದಿಯ ಮಾತಿನಿಂದ ಬೇರೆಯಾಗಿ ಬಚ್ಚಿಟ್ಟುಕೊಂಡಿದ್ದಕ್ಕೇ ಉಳಿಯಿತೇನೋ. ಪಾಟಿಗೆ ಈ ಮಾತು ಕೇಳಿಸಬಾರದು, ಗೆದ್ದೆ ಅಂದುಕೊಂಡುಬಿಡುತ್ತಾರೆ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗನ ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಅರಸೀಕೆರೆ ಕಡೆ ಹುಡುಗಿ, ನಮ್ಮವಳಲ್ಲ, ಪ್ರೀತಿಸಿ ಬಂದವಳು. ಮೊದಲ ಆರು ತಿಂಗಳು ಅವಳೆದುರಿಗೇ ಅವಳ ಬಗ್ಗೆ ಏನೇನು ನಡೆಯಿತೋ ನನಗೆ ಗೊತ್ತಿಲ್ಲ, ಊಹೆ ಮಾಡಬಲ್ಲೆ. ಈಗ ಅವಳೇ ಈಳಿಗೆ ಮಣೆ ಮುಂದೆ ಕೂತು, "ಕಾಯ್ ತಿರುತ್ತಿಯಾಚ್ಚು" ಅಂತ ಅತ್ತೆಗೆ ಕೂಗಿ ಹೇಳಿದಳು. ತರಕಾರಿ ಹೆಚ್ಚಿ ಆಯಿತು ಅಂತ ಅರ್ಥ. ಕತ್ತರಿಸಿದೆ ಅನ್ನಬಾರದು ನಮ್ಮಲ್ಲಿ.

ಆಮೇಲೆ ನನ್ನ ಕಡೆ ತಿರುಗಿ, "ತಿರುತ್ತೋದು ಅಂದ್ರೆ ತಿದ್ದೋದು ಅಲ್ವಾ ಮಾವ? ಬದನೆಕಾಯಿ ಏನು ತಪ್ಪು ಮಾಡಿತ್ತು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಚೆನ್ನೈಗೆ ವಾಪಸ್ ಬಂದ ಮೇಲೆ ಪಕ್ಕದ ಮನೆ ಮಾಮಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಾವು ಈಗ ಕಟ್ ಅಂತಲೇ ಅನ್ನೋದು" ಅಂದರು.