ಪ್ರೊಜೆಕ್ಟರ್ ಆರಿಸುವ ಮೊದಲು ಕೋಣೆಯ ಕತ್ತಲೆಯನ್ನು ನೋಡಿ

ಕಡಿಮೆ ಬಜೆಟ್ಟಿನಲ್ಲಿ ಹೋಮ್ ಥಿಯೇಟರ್‌ಗೆ ಯಾವ ಪ್ರೊಜೆಕ್ಟರ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಯಾವ ಮಾದರಿಯ ಹೆಸರನ್ನೂ ಹೇಳುವುದಿಲ್ಲ. ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ದೀಪ ಆರಿಸಿ ಕಿಟಕಿ ಮುಚ್ಚಿದರೆ ನಿಮ್ಮ ಕೋಣೆ ಎಷ್ಟು ಕತ್ತಲಾಗುತ್ತದೆ? ಬಹಳ ಜನರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಕಡಿಮೆ ಹಣದಲ್ಲಿ ಒಳ್ಳೆಯ ಚಿತ್ರ ಬೇಕೆಂದರೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಯಾವ ಪ್ರೊಜೆಕ್ಟರೂ ಕಪ್ಪನ್ನು ಮೂಡಿಸಲಾರದು. ಅದು ಬೆಳಕನ್ನು ಚೆಲ್ಲಬಲ್ಲದು, ಅಷ್ಟೇ. ಬೆಳಕು ಬೀಳದ ಜಾಗವನ್ನು ನಮ್ಮ ಕಣ್ಣು ಕಪ್ಪು ಎಂದುಕೊಳ್ಳುತ್ತದೆ. ಹಾಗಾಗಿ ಹಗಲು ಬೆಳಕಿನಲ್ಲಿ ನಿಮ್ಮ ಬಿಳಿ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೆಯೋ, ಆ ಕೋಣೆಯಲ್ಲಿ ಸಿನಿಮಾದ ಕಪ್ಪು ಕೂಡ ಅಷ್ಟೇ ಬೆಳ್ಳಗಿರುತ್ತದೆ. ಎಷ್ಟು ದುಬಾರಿ ಯಂತ್ರ ತಂದರೂ ಇದು ತಪ್ಪದು. ಕಿಟಕಿಗೆ ಬೆಳಕು ನುಸುಳದ ದಪ್ಪ ಪರದೆ ಹಾಕಿ. ಸಾಧ್ಯವಾದರೆ ತೆರೆಗೆ ಹತ್ತಿರವಿರುವ ಪಕ್ಕದ ಗೋಡೆ ಮತ್ತು ಛಾವಣಿಗೆ ಹೊಳಪಿಲ್ಲದ ಗಾಢ ಬಣ್ಣ ಬಳಿಯಿರಿ. ತೆರೆಯಿಂದ ಹೊರಟ ಬೆಳಕು ಬಿಳಿ ಛಾವಣಿಗೆ ಬಡಿದು ಮತ್ತೆ ತೆರೆಗೇ ಮರಳುತ್ತದೆ. ಕತ್ತಲೆಯ ದೃಶ್ಯಗಳು ಮಂಕಾಗಲು ಅದೂ ಒಂದು ಕಾರಣ. ಈ ಕೆಲಸಕ್ಕೆ ತಗಲುವ ಖರ್ಚು, ಒಂದು ದರ್ಜೆ ಮೇಲಿನ ಪ್ರೊಜೆಕ್ಟರಿಗೆ ಸುರಿಯುವ ಹಣಕ್ಕಿಂತ ಬಹಳ ಕಡಿಮೆ.

ಕತ್ತಲೆ ಸಿಕ್ಕಿತೆಂದರೆ ಲೆಕ್ಕವೇ ಬದಲಾಗುತ್ತದೆ. ಡಿಜಿಟಲ್ ಚಿತ್ರಮಂದಿರಗಳ ಮಾನದಂಡದ ಪ್ರಕಾರ ತೆರೆಯ ಮೇಲಿನ ಬಿಳಿಯ ಪ್ರಖರತೆ ಚದರ ಮೀಟರಿಗೆ 48 ಕ್ಯಾಂಡೆಲಾ ಇರಬೇಕು. ಮನೆಯ 100 ಇಂಚಿನ (ಮೂಲೆಯಿಂದ ಎದುರು ಮೂಲೆಗೆ ಅಳೆದ) ತೆರೆ ಸುಮಾರು 2.2 ಮೀಟರ್ ಅಗಲ, 1.25 ಮೀಟರ್ ಎತ್ತರ ಇರುತ್ತದೆ. ಸಾಧಾರಣ ಬಿಳಿ ತೆರೆಯಾದರೆ ಅಷ್ಟು ಪ್ರಖರತೆಗೆ ಸುಮಾರು 420 ಲ್ಯೂಮೆನ್ (ಯಂತ್ರ ಚೆಲ್ಲುವ ಒಟ್ಟು ಬೆಳಕಿನ ಅಳತೆ) ಸಾಕು. 120 ಇಂಚಿಗೆ ಸುಮಾರು 600. ಬಲ್ಬು ಹಳೆಯದಾದಂತೆ ಬೆಳಕು ಇಳಿಯುತ್ತದೆ. ಬಲ್ಬಿನ ಆಯುಷ್ಯ ಎಂದು ಹೇಳುವ ಗಂಟೆಗಳು ಬೆಳಕು ಅರ್ಧಕ್ಕೆ ಇಳಿಯುವವರೆಗಿನವು. ಬಣ್ಣ ಸರಿಯಾಗಿ ಕಾಣುವ ಸಿನಿಮಾ ಮೋಡಿನಲ್ಲಿಯೂ ಬೆಳಕು ಸಾಕಷ್ಟು ತಗ್ಗುತ್ತದೆ. ಇವೆರಡಕ್ಕೂ ಜಾಗ ಬಿಟ್ಟು ಲೆಕ್ಕ ಹಾಕಿದರೂ ನಿಜವಾದ 1000ದಿಂದ 1500 ಲ್ಯೂಮೆನ್ ಇದ್ದರೆ ಕತ್ತಲ ಕೋಣೆಗೆ ಧಾರಾಳವಾಯಿತು.

‘ನಿಜವಾದ’ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅಗ್ಗದ ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲೆ ಅಚ್ಚಾಗುವ ಅಂಕಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಗೈಯಗಲದ ಯಂತ್ರಕ್ಕೆ 9000 ಲ್ಯೂಮೆನ್, 15000 ಲ್ಯೂಮೆನ್ ಎಂದು ಬರೆಯುತ್ತಾರೆ. ಬೆಳಕನ್ನು ಅಳೆಯಲು ಒಪ್ಪಿತವಾದ ವಿಧಾನವಿದೆ: ಬಿಳಿ ಚಿತ್ರವನ್ನು ಒಂಬತ್ತು ಸಮ ಭಾಗ ಮಾಡಿ, ಪ್ರತಿ ಭಾಗದ ನಡುವೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ (ಒಂದು ಚದರ ಮೀಟರಿಗೆ ಬೀಳುವ ಲ್ಯೂಮೆನ್) ಅಳೆದು, ಅವುಗಳ ಸರಾಸರಿಯನ್ನು ಚಿತ್ರದ ವಿಸ್ತೀರ್ಣದಿಂದ ಗುಣಿಸಬೇಕು. ಹೀಗೆ ಬಂದದ್ದೇ ಆನ್ಸಿ ಲ್ಯೂಮೆನ್. ಐಎಸ್‌ಒ 21118 ಎಂಬ ಅಂತರರಾಷ್ಟ್ರೀಯ ಮಾನದಂಡದ ಹೆಸರು ಬರೆದಿದ್ದರೆ ಅದೂ ನಂಬತಕ್ಕ ಅಳತೆಯೇ. ಬರೀ ‘ಲ್ಯೂಮೆನ್’ ಎಂದೋ ‘ಎಲ್‌ಇಡಿ ಲ್ಯೂಮೆನ್’ ಎಂದೋ ಇದ್ದರೆ ಆ ಅಂಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕೂಡಿಟ್ಟ ಹಣದಲ್ಲಿ ಮನೆಯವರಿಗೆಂದು ಒಂದು ಯಂತ್ರ ತರುವವರಿಗೆ ಇಂಥ ಸುಳ್ಳು ಹೇಳುವುದು ಸಣ್ಣ ತಪ್ಪಲ್ಲ. ಲಕ್ಸ್ ಮೀಟರ್ ಸಿಕ್ಕರೆ ನೀವೇ ಅಳೆದು ನೋಡಿ. 100 ಇಂಚಿನ ಚಿತ್ರದಲ್ಲಿ ಸರಾಸರಿ 150 ಲಕ್ಸ್ ಬಂದರೆ ಅದು 410 ಲ್ಯೂಮೆನ್‌ನ ಆಸುಪಾಸಿನ ಯಂತ್ರ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ.

ರೆಸಲ್ಯೂಷನ್‌ನಲ್ಲಿಯೂ, ಅಂದರೆ ಚಿತ್ರದ ಚುಕ್ಕೆಗಳ (ಪಿಕ್ಸೆಲ್) ಎಣಿಕೆಯಲ್ಲಿಯೂ, ಇದೇ ಆಟ ನಡೆಯುತ್ತದೆ. ‘1080ಪಿ ಸಪೋರ್ಟ್’ ಎಂದರೆ ಆ ಸಿಗ್ನಲನ್ನು ಯಂತ್ರ ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಒಳಗೆ ಚಿತ್ರ ಮೂಡಿಸುವ ಪ್ಯಾನೆಲ್ 854×480 ಇದ್ದರೆ ಗೋಡೆಗೆ ತಲಪುವುದು ಸುಮಾರು ನಾಲ್ಕು ಲಕ್ಷ ಪಿಕ್ಸೆಲ್. ನಿಜವಾದ ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ. ‘ನೇಟಿವ್’ ಎಂಬ ಮಾತಿನ ಮುಂದೆ 1920×1080 ಕಾಣುವವರೆಗೆ ಹುಡುಕಿ. ಕಡಿಮೆ ಬಜೆಟ್ಟಿನಲ್ಲಿ 4ಕೆ ಬೆನ್ನು ಹತ್ತುವುದು ಬೇಡ ಎಂದೇ ನನ್ನ ಸಲಹೆ. ಒಳ್ಳೆಯ ಲೆನ್ಸಿರುವ, ಕಪ್ಪು ಕಪ್ಪಾಗಿ ಕಾಣುವ ಫುಲ್ ಎಚ್‌ಡಿ ಚಿತ್ರ, ಮಂಕಾದ 4ಕೆ ಚಿತ್ರಕ್ಕಿಂತ ಕಣ್ಣಿಗೆ ಹಿತ. ಎಚ್‌ಡಿಆರ್ (ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ವಿಧಾನ) ಎಂಬುದನ್ನೂ ಈ ದರ್ಜೆಯಲ್ಲಿ ಮರೆತುಬಿಡಿ. ಸಿಗ್ನಲ್ ಸ್ವೀಕರಿಸಿದರೂ ಅದನ್ನು ತೋರಿಸುವಷ್ಟು ಬೆಳಕು ಆ ಯಂತ್ರಗಳಲ್ಲಿ ಇರುವುದಿಲ್ಲ.

ಇನ್ನು ಒಳಗಿನ ತಂತ್ರಜ್ಞಾನ. ಡಿಎಲ್‌ಪಿ ಎಂಬ ಬಗೆಯ ಪ್ರೊಜೆಕ್ಟರಿನಲ್ಲಿ ಲಕ್ಷಾಂತರ ಸೂಕ್ಷ್ಮ ಕನ್ನಡಿಗಳಿರುವ ಚಿಪ್ ಇರುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಚಿಪ್ ಅದು. ಮನೆಯ ಡಿಎಲ್‌ಪಿಗಳು ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದರಂತೆ ಅತಿ ವೇಗವಾಗಿ ತೋರಿಸುತ್ತವೆ. ಕೆಲವರ ಕಣ್ಣಿಗೆ ಆ ಬಣ್ಣಗಳು ಬೇರ್ಪಟ್ಟು ಕಾಮನಬಿಲ್ಲಿನಂತೆ ಮಿಂಚಿ ಮರೆಯಾಗುತ್ತವೆ. ಅದರಿಂದ ತಲೆನೋವು ಬರುವವರೂ ಇದ್ದಾರೆ. ನಿಮಗೆ ಮಾತ್ರವಲ್ಲ, ಮನೆಯವರೆಲ್ಲರಿಗೂ ತೋರಿಸಿ ನೋಡಿ. ತ್ರೀ ಎಲ್‌ಸಿಡಿ ಎಂಬ ಇನ್ನೊಂದು ಬಗೆಯಲ್ಲಿ ಮೂರು ಬಣ್ಣಗಳಿಗೆ ಮೂರು ಪ್ಯಾನೆಲ್ ಇರುವುದರಿಂದ ಈ ತೊಂದರೆಯಿಲ್ಲ. ತೀರಾ ಅಗ್ಗದ ಯಂತ್ರಗಳಲ್ಲಿರುವುದು ಒಂದೇ ಎಲ್‌ಸಿಡಿ ಪ್ಯಾನೆಲ್. ಅದನ್ನು ಕೊಳ್ಳುವುದೇ ಆದರೆ ಲೆನ್ಸ್ ಮತ್ತು ಪ್ಯಾನೆಲ್ ಇರುವ ಭಾಗ ಧೂಳು ಹೋಗದಂತೆ ಮುಚ್ಚಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಕತ್ತಲೆ ದೃಶ್ಯಗಳ ನಡುವೆ ಬಿಳಿ ಮಚ್ಚೆಗಳು ತೇಲತೊಡಗಬಹುದು.

ಯಂತ್ರ ಎಲ್ಲಿ ಕೂರುತ್ತದೆ ಎಂಬುದನ್ನು ಟೇಪು ಹಿಡಿದು ಮೊದಲೇ ಅಳೆಯಬೇಕು. ಥ್ರೋ ರೇಶಿಯೊ (ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿ ಯಂತ್ರ ಇರಬೇಕು ಎಂಬ ಅಂಕಿ) 1.2 ಎಂದಿದ್ದರೆ 2.2 ಮೀಟರ್ ಅಗಲದ ಚಿತ್ರಕ್ಕೆ ಸುಮಾರು 2.65 ಮೀಟರ್ ದೂರ ಬೇಕು, 1.5 ಆದರೆ 3.3 ಮೀಟರ್. ಕೋಣೆ ಅಷ್ಟಿಲ್ಲದಿದ್ದರೆ ಚಿತ್ರ ಚಿಕ್ಕದಾಗುತ್ತದೆ, ಬೇರೆ ದಾರಿಯಿಲ್ಲ. ಓರೆಯಾಗಿಟ್ಟು ಕೀಸ್ಟೋನ್‌ನಿಂದ ಸರಿಪಡಿಸಿಕೊಂಡರಾಯಿತು ಎನ್ನುವವರ ಮಾತು ಕೇಳಬೇಡಿ. ಡಿಜಿಟಲ್ ಕೀಸ್ಟೋನ್ ಚಿತ್ರವನ್ನು ಹಿಂಡಿ ನೇರಮಾಡುವಂಥದು. ಹಣ ಕೊಟ್ಟು ಕೊಂಡ ಪಿಕ್ಸೆಲ್‌ಗಳಲ್ಲಿ ಒಂದಷ್ಟು ಅಲ್ಲೇ ವ್ಯರ್ಥವಾಗುತ್ತವೆ. ಲೆನ್ಸನ್ನೇ ಸರಿಸಿ ಚಿತ್ರವನ್ನು ಜರುಗಿಸುವ ಲೆನ್ಸ್ ಶಿಫ್ಟ್ ಇದ್ದರೆ ಆ ನಷ್ಟವಿಲ್ಲ.

ಒಳಗಿನ ಸ್ಪೀಕರನ್ನು ಲೆಕ್ಕಕ್ಕಿಡಬೇಡಿ, ಹೊರಗಿನದು ಬೇಕೇ ಬೇಕು. ಒಳಗಿನ ಆ್ಯಪ್‌ಗಳನ್ನೂ ಅಷ್ಟೇ: ಸ್ಟ್ರೀಮಿಂಗ್ ಸೇವೆಗಳ ಪರವಾನಗಿಯಿಲ್ಲದ ಯಂತ್ರಗಳಲ್ಲಿ ಅಂಥ ಎಷ್ಟೋ ಸೇವೆಗಳು ಎಚ್‌ಡಿಯಲ್ಲಿ ತೆರೆದುಕೊಳ್ಳುವುದಿಲ್ಲ. ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಸಮಸ್ಯೆ ತೀರಿತು. ಫ್ಯಾನಿನ ಸದ್ದು ಮಾತ್ರ ಹೆಚ್ಚು ಗಮನಕ್ಕೆ ಅರ್ಹ. ಯಂತ್ರ ತಲೆಯ ಪಕ್ಕದಲ್ಲೇ ಇದ್ದರೆ ಮೆಲುದನಿಯ ಸಂಭಾಷಣೆಯೆಲ್ಲ ಆ ಸದ್ದಿನಲ್ಲಿ ಮುಳುಗುತ್ತದೆ.

ಹೆಸರುವಾಸಿ ತಯಾರಕರ ಹಳೆಯ ಫುಲ್ ಎಚ್‌ಡಿ ಪ್ರೊಜೆಕ್ಟರ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ, ಗೊತ್ತಿಲ್ಲದ ಹೆಸರಿನ ಹೊಸ ಯಂತ್ರಕ್ಕಿಂತ ನಾನು ಅದನ್ನೇ ಆರಿಸುತ್ತೇನೆ. ಮೆನುವಿನಲ್ಲಿ ಬಲ್ಬು ಎಷ್ಟು ಗಂಟೆ ಉರಿದಿದೆ ಎಂದು ನೋಡಿ, ಹೊಸ ಬಲ್ಬು ಈಗಲೂ ಸಿಗುತ್ತದೆಯೇ ವಿಚಾರಿಸಿ. ಹೊಸತನ್ನೇ ಕೊಂಡರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಕೋಣೆಯನ್ನು ಪೂರ್ತಿ ಕತ್ತಲು ಮಾಡಿ ಮೂರು ಪರೀಕ್ಷೆ ನಡೆಸಿ. ಪೂರ್ತಿ ಕಪ್ಪು ಚಿತ್ರ ಹಾಕಿ ಮಚ್ಚೆ, ಬೆಳಕಿನ ಸೋರಿಕೆ ಹುಡುಕಿ. ಪೂರ್ತಿ ಬಿಳಿ ಹಾಕಿ ಮೂಲೆಗಳು ಮಬ್ಬಾಗಿವೆಯೇ ನೋಡಿ. ಸಣ್ಣ ಅಕ್ಷರಗಳಿರುವ ಪುಟ ಹಾಕಿ, ನಡುವೆ ಫೋಕಸ್ ಮಾಡಿ, ನಾಲ್ಕು ಮೂಲೆಯ ಅಕ್ಷರಗಳನ್ನು ಓದಿ. ಮೂಲೆಗಳು ಓದಲಾಗದಷ್ಟು ಕಲಸಿದ್ದರೆ ಲೆನ್ಸ್ ಚೆನ್ನಾಗಿಲ್ಲ. ಯಾವ ಸೆಟ್ಟಿಂಗ್‌ನಿಂದಲೂ ಅದು ಸರಿಯಾಗದು, ಹಿಂದಕ್ಕೆ ಕಳಿಸಿ.