ಉಸಿರು ಬಿಡ್ರೀ, ಅಳತೆ ತಗೋಬೇಕು

ಇಂಚಿನ ಟೇಪ್ ಕಂಡ ತಕ್ಷಣ ಹೊಟ್ಟೆ ಒಳಗೆ ಎಳ್ಕೊಳ್ಳೋ ಗಂಡಸರ ಬಗ್ಗೆ ಯಾರಾದ್ರೂ ಬರೀಲೇಬೇಕು, ಬೇರೆ ಯಾರೂ ಬರೆಯೋ ಹಂಗೆ ಕಾಣ್ತಿಲ್ಲ, ಅದಕ್ಕೇ ನಾನೇ ಕೂತಿದೀನಿ, ಅದೂ ತೋರುಬೆರಳಿಗೆ ಸೂಜಿ ಚುಚ್ಚಿಸ್ಕೊಂಡು ಪ್ಲಾಸ್ಟರ್ ಹಾಕ್ಕೊಂಡು. ಶನಿವಾರ ನಮ್ಮೆಜಮಾನ್ರ ಆಫೀಸಿನ ಹುಡುಗನ ಮದುವೆ. ಇವತ್ತು ಬುಧವಾರ. ಹೊಲ್ದಿದ್ದನ್ನೆಲ್ಲಾ ಬಿಚ್ಚೋ ಕೆಲಸ ನಡೀತಿದೆ.

ನಾವಿರೋದು ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ. ಇಲ್ಲಿ ಮದುವೆ ಅಂದ್ರೆ ಗಂಡಸ್ರು ಕಿಲ್ಟಲ್ಲಿ, ಅಂದ್ರೆ ಮಂಡಿವರೆಗಿನ ನೆರಿಗೆ ಲಂಗದಂಥ ಉಡುಪಲ್ಲಿ ಬರ್ತಾರೆ, ಬಾಡಿಗೆಗೂ ಸಿಗುತ್ತೆ, ಆದ್ರೆ ಇವ್ರಿಗೆ ಬಾಡಿಗೆದು ಬೇಡ್ವಂತೆ, ಯಾರೋ ಹಾಕ್ಕೊಂಡು ಕುಣಿದು ಬೆವರು ಸುರಿಸಿದ್ದನ್ನ ನಾನು ಮೈಗೆ ಸೋಕಿಸ್ಕೊಳ್ಳಲ್ಲ ಅಂದ್ರು. ಸರಿ ಅಂತ ರಾಯಲ್ ಮೈಲ್ ಕಡೆ ಹೋಗಿ ವಿಚಾರಿಸಿದ್ವಿ. ಕೈಯಲ್ಲೇ ಹೊಲ್ದ ಕಿಲ್ಟಿಗೆ ಐದಾರು ನೂರು ಪೌಂಡು. ಇಬ್ರೂ ಥ್ಯಾಂಕ್ಯೂ ಹೇಳಿ ಹೊರಗೆ ಬಂದ್ವಿ. ಬಸ್ ಸ್ಟಾಪಲ್ಲಿ ನಿಂತು ಮೆಲ್ಲಗೆ ಶುರು ಮಾಡಿದ್ರು, "ನೀನು ಬ್ಲೌಸ್ ಹೊಲ್ಕೋತೀಯಲ್ಲ, ಇದೇನು ಮಹಾ, ಇದಕ್ಕೆ ತೋಳೂ ಇಲ್ಲ ಕತ್ತೂ ಇಲ್ಲ."

ಮೊದಲು ಟಾರ್ಟನ್, ಅಂದ್ರೆ ಕಿಲ್ಟಿನ ಚೌಕುಳಿ ಬಟ್ಟೆ, ಆರಿಸೋ ರಾಮಾಯಣ. ಇಲ್ಲಿನವರಿಗೆ ಮನೆತನದ ಹೆಸರಿಗೆ ತಕ್ಕಂಗೆ ಚೌಕುಳಿ ಇರುತ್ತೆ. ಟಾರ್ಟನ್ ರಿಜಿಸ್ಟರ್ ಅಂತ 2009ರಿಂದ ಸರ್ಕಾರಿ ದಾಖಲೆನೂ ಇದೆ, ಹೊಸ ಡಿಸೈನ್ ಮಾಡಿದೋರು ನೋಂದಣಿ ಮಾಡಿಸ್ಕೋಬಹುದು. ಇದು ಕಿವಿಗೆ ಬಿದ್ದಿದ್ದೇ ತಡ, ಭಾರದ್ವಾಜ ಗೋತ್ರಕ್ಕೊಂದು ಟಾರ್ಟನ್ ಮಾಡಿಸಿದ್ರೆ ಹೆಂಗಿರುತ್ತೆ ಅಂತ ಒಂದು ವಾರ ತಲೆ ತಿಂದ್ರು. ಕೊನೆಗೆ ಯಾರು ಬೇಕಾದ್ರೂ ಹಾಕ್ಕೋಬಹುದಾದ ಬ್ಲ್ಯಾಕ್ ವಾಚ್, ಕಡು ಹಸಿರು ಕಡು ನೀಲಿ, ಅದನ್ನೇ ತರಿಸ್ದೆ.

ಬಟ್ಟೆ ಎಂಟು ಗಜ ಕಣ್ರೀ! ಪನ್ನ ಜಾಸ್ತಿ ಇರೋ ಬಟ್ಟೆ ನಾಲ್ಕು ಗಜ ತಗೊಂಡು ಉದ್ದಕ್ಕೆ ಸೀಳಿ ಎರಡು ತುಂಡನ್ನೂ ಜೋಡಿಸ್ಬೇಕು, ಆ ಜಾಯಿಂಟು ಒಂದು ನೆರಿಗೆ ಒಳಗೆ ಅಡಗಿ ಕೂರ್ಬೇಕು. ಕೆಳಗಡೆ ಮಡಿಸಿ ಹೊಲಿಯೋ ಹಂಗಿಲ್ಲ, ನೇಯ್ಗೆಯ ಅಂಚೇ ಮಂಡಿ ಹತ್ರ ಬರ್ಬೇಕು, ಅಂದ್ರೆ ಉದ್ದ ಆಯ್ತು ಗಿಡ್ಡ ಆಯ್ತು ಅಂತ ಆಮೇಲೆ ಕೆಳಗೆ ಕೈ ಹಾಕೋ ಮಾತೇ ಇಲ್ಲ. ನೆರಿಗೆ ಹಾಕಿದ್ಮೇಲೂ ಹಿಂದುಗಡೆ ಚೌಕುಳಿ ಏನೂ ಆಗೇ ಇಲ್ಲ ಅನ್ನೋ ಹಂಗೆ ಮುಂದುವರೀಬೇಕು. ಒಂದು ಗೆರೆ ಅತ್ತಿತ್ತ ಆದ್ರೆ ಹತ್ತಡಿ ದೂರದಿಂದ ಕಾಣುತ್ತೆ. ಪದ್ಧತಿ ಪ್ರಕಾರ ಎಲ್ಲಾ ಕೈ ಹೊಲಿಗೆ, ಮಷಿನ್ ಮೂಲೇಲಿ ಸುಮ್ನೆ ಕೂತಿತ್ತು.

ಈಗ ಅಸಲಿ ವಿಷಯ. ನಾನು ಹಾಕಿದ್ದು 27 ನೆರಿಗೆ. ಒಂದೊಂದೂ ಹಿಪ್ ಹತ್ರ ಸುಮಾರು ಮುಕ್ಕಾಲು ಇಂಚು, ಅಲ್ಲಿಂದ ಮೇಲೆ ವೇಯ್ಸ್ಟಿಗೆ ಬರ್ತಾ ಸಣ್ಣಗಾಗ್ತಾ ಹೋಗ್ಬೇಕು. ಎಷ್ಟು ಸಣ್ಣ ಅನ್ನೋದು ಅಳತೆ ಮೇಲೆ. ಅಂದ್ರೆ ಇವ್ರು ಅಳತೆ ಕೊಡುವಾಗ ಹೇಳಿದ ಸುಳ್ಳು 27 ನೆರಿಗೆಗೂ ಪಾಲಾಗುತ್ತೆ.

ನನ್ನ ಪ್ಯಾಂಟ್ ಸೈಜ್ 34, ಅಷ್ಟೇ ಹಾಕು ಅಂತಾರೆ. ರೀ, ಪ್ಯಾಂಟು ನಿಲ್ಲೋದು ಹೊಟ್ಟೆ ಕೆಳಗೆ, ಕಿಲ್ಟ್ ಕಟ್ಟೋದು ಹೊಕ್ಕಳ ಮಟ್ಟಕ್ಕೆ, ಸಂಸಾರವೆಲ್ಲಾ ಇರೋದೇ ಅಲ್ಲಿ ಅಂದೆ. ಟೇಪ್ ತಗೊಂಡು ಹತ್ರ ಹೋದೆ ನೋಡಿ, ಎದೆ ಮೇಲೆ ಬಂತು, ಗಲ್ಲ ಎತ್ಕೊಂಡ್ರು, ದೃಷ್ಟಿ ಸೀದಾ ಗೋಡೆ ಗಡಿಯಾರದ ಮೇಲೆ, ಹೊಟ್ಟೆ ಎಲ್ಲಿ ಹೋಯ್ತೋ ಆ ದೇವ್ರಿಗೇ ಗೊತ್ತು. 35. ಉಸಿರು ಬಿಡ್ರೀ ಅಂದ್ರೆ ಮೂಗಲ್ಲೇ ಒಂಚೂರು ಬಿಟ್ಟು "ಬಿಟ್ಟಿದೀನಲ್ಲ" ಅಂತಾರೆ. ಬೇಕಂತ ಎಳ್ಕೊಳ್ಳೋದಲ್ವಂತೆ, ಅದು ತಾನಾಗೇ ಹಂಗೆ ನಿಲ್ಲುತ್ತಂತೆ. ಪಕ್ಕದ್ಮನೆ ಅಜ್ಜಿ, ಹಳೇ ಕಾಲದ ಸ್ಕಾಟಿಷ್ ಹೆಂಗಸು, ರಾತ್ರಿ ಊಟ ಆದ್ಮೇಲೆ ಅಳತೆ ತಗೋಮ್ಮ ಅಂತ ಉಪಾಯ ಹೇಳಿಕೊಟ್ರು. ಅವತ್ತು ಬಿಸಿಬೇಳೆಭಾತ್ ಮಾಡಿ ಎರಡು ಸಲ ಬಡಿಸಿ ಟೇಪ್ ತಂದೆ. ಮತ್ತೆ ಅದೇ ಗಡಿಯಾರ, ಅದೇ 35. ಆ ಬಿಸಿಬೇಳೆಭಾತ್ ಹೋಗಿದ್ದಾದ್ರೂ ಎಲ್ಲಿಗೆ?

ನಿನ್ನೆ ರಾತ್ರಿ ಹಾಕಿ ನೋಡಿದ್ರು. ಒಳಗೆ ಕ್ಯಾನ್ವಾಸು, ಪಕ್ಕದಲ್ಲಿ ಚರ್ಮದ ಪಟ್ಟಿ, ಬಕಲ್ಲು, ಎಲ್ಲಾ ಆಗಿತ್ತು, ಒದ್ದೆ ಬಟ್ಟೆ ಹಾಸಿ ಇಸ್ತ್ರಿನೂ ಹೊಡ್ದಿದ್ದೆ. ಉಸಿರು ಕಟ್ಕೊಂಡು ಬಕಲ್ ಹಾಕಿದ್ರು. ಹೇಳ್ಬಾರ್ದು, ಚೆನ್ನಾಗೇ ಕಾಣ್ತಿದ್ರು. ಅಷ್ಟೊತ್ತಿಗೆ ಊರಿಂದ ಅತ್ತೆ ವಿಡಿಯೋ ಕಾಲ್.

"ಎಲ್ಲಿ, ತಿರುಗು ನೋಡೋಣ," ಅಂದ್ರು ಅತ್ತೆ. ತಿರುಗಿದ್ರು. "ಅಯ್ಯೋ, ನೆರಿಗೆ ಹಿಂದಕ್ಕೆ ಹೋಗ್ಬಿಟ್ಟಿದ್ಯಲ್ಲೋ, ಮುಂದಕ್ಕೆ ಸರಿಸ್ಕೋ!"

ಇವ್ರು "ಹೂಂ" ಅಂದ್ರು.

"ಊಟ ಆಯ್ತಾ?"

"ಹೂಂ."

"ಯಾಕೋ ಮುಖ ಕೆಂಪಗಾಗಿದೆ, ಬೀಪಿ ಮಾತ್ರೆ ತಗೊಂಡ್ಯಾ?"

"ಹೂಂ."

"ಬರೀ ಹೂಂ ಹೂಂ ಅಂತೀಯ, ಅವಳ ಜೊತೆ ಏನಾದ್ರೂ ಜಗಳ ಆಯ್ತಾ?"

ಅದಕ್ಕೆ ಇಲ್ಲಮ್ಮಾ ಅನ್ನಕ್ಕೆ ಬಾಯಿ ಬಿಟ್ರು ನೋಡಿ, ಮಾತಿನ ಜೊತೆ ಇಷ್ಟೊತ್ತು ತಡೆದಿದ್ದ ಉಸಿರೂ ಬಂತು. ಪಟ್ ಅಂತ ಪಟ್ಟಿಯ ಹೊಲಿಗೆ ಕಿತ್ಕೊಂಡು ಬಕಲ್ ಸೋಫಾ ಕೆಳಗೆ ಹೋಯ್ತು. "ಅದೇನೋ ಸದ್ದು?" ಅಂದ್ರು ಅತ್ತೆ. ಇವ್ರು ಎರಡೂ ಕೈಯಲ್ಲಿ ಕಿಲ್ಟ್ ಹಿಡ್ಕೊಂಡು ನನ್ನ ಕಡೆ ನೋಡಿ, "ದಾರ ಸ್ವಲ್ಪ ವೀಕ್ ಇದೆ ಅನ್ಸುತ್ತೆ" ಅಂತಾರಲ್ಲ!

ದಾರ ವೀಕಂತೆ. ಆಗ್ಲೇ ಟೇಪ್ ಹಿಡಿದೆ, 38.

ತಮಾಷೆ ಏನಂದ್ರೆ ಹಿಂದೆ ಹೈಲ್ಯಾಂಡ್ ಜನ, ಅಂದ್ರೆ ಇಲ್ಲಿನ ಬೆಟ್ಟಗುಡ್ಡದ ಸೀಮೆಯೋರು, ಇದನ್ನ ಹೊಲೀತಾನೇ ಇರ್ಲಿಲ್ಲ. ಉದ್ದನೆ ಉಣ್ಣೆ ಬಟ್ಟೆನ ಕೈಯಲ್ಲೇ ನೆರಿಗೆ ಹಿಡಿದು ಮೈಗೆ ಸುತ್ತಿ ಮೇಲೆ ಬೆಲ್ಟ್ ಬಿಗಿಯೋರು, ಮುಗೀತು. 1746ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಆ ಉಡುಪನ್ನೇ ನಿಷೇಧ ಮಾಡ್ತು, 1782ರಲ್ಲಿ ನಿಷೇಧ ತೆಗೀತು, ನೆರಿಗೆನ ಹೊಲ್ದೇ ಕೂರಿಸೋ ರೂಢಿ ಬಂದಿದ್ದು ಅದಾದ್ಮೇಲೆ. ನಮ್ಮಪ್ಪ ಪಂಚೆ ಉಡೋರು, ಜೀವಮಾನದಲ್ಲಿ ಯಾರೂ ಅವರ ಸೊಂಟಕ್ಕೆ ಟೇಪ್ ಹಿಡಿದಿಲ್ಲ. ಅಪ್ಪಂಗೆ ಹೊಟ್ಟೆ ಬಂದಿದ್ದೂ ಪಂಚೆಗೆ ಗೊತ್ತಾಗ್ಲಿಲ್ಲ, ಕರಗಿದ್ದೂ ಗೊತ್ತಾಗ್ಲಿಲ್ಲ. ಕೊನೆಕೊನೆಗೆ ಅದೇ ಪಂಚೆ ಇನ್ನೊಂದು ಅರ್ಧ ಸುತ್ತು ಜಾಸ್ತಿ ಬರ್ತಿತ್ತು, ಅಮ್ಮ ಅದನ್ನ ನೋಡೀನೂ ನೋಡ್ದಂಗೆ ಒಳಗೆ ಹೋಗ್ತಿದ್ರು.

ಇರ್ಲಿ. ಬಕಲ್ ಸರಿಸಿದ್ರೆ ಸಾಕಲ್ವಾ ಅಂತ ಇವ್ರ ಸಲಹೆ. ಸಾಕಾಗಲ್ಲ, ಸರಿಸಿದ್ರೆ ಮುಂದಿನ ಭಾಗ ಮಧ್ಯಕ್ಕೆ ಕೂರಲ್ಲ. ಅದೂ ಅಲ್ದೆ ಮದುವೆ ದಿನ ರಾತ್ರಿ ಕೇಲಿ ಅಂತ ಇಲ್ಲಿನ ಗುಂಪು ಕುಣಿತ ಇದೆ, ಸ್ಟ್ರಿಪ್ ದ ವಿಲೋ ಅಂತ ಒಂದು ಡ್ಯಾನ್ಸಲ್ಲಿ ಕೈ ಹಿಡಿದು ಗಿರಗಿರ ತಿರುಗಿಸಿ ಇನ್ನೊಬ್ರ ಕಡೆ ದಾಟಿಸ್ತಾರೆ, ಅಲ್ಲಿ ಉಸಿರು ಕಟ್ಕೊಂಡು ಕುಣಿಯೋ ಗಂಡಸು ಇನ್ನೂ ಹುಟ್ಟಿಲ್ಲ. ಹಾಗಾಗಿ ಎಲ್ಲಾ ನೆರಿಗೆಯ ಮೇಲ್ತುದಿ ಬಿಚ್ಚಿ ಒಂದೊಂದಕ್ಕೂ ಕೂದಲೆಳೆಯಷ್ಟು ಬಿಟ್ಟು ಮತ್ತೆ ಹೊಲೀತಿದೀನಿ.

ಈ ಮಧ್ಯೆ ಅತ್ತೆ ಊರೆಲ್ಲಾ ಫೋಟೋ ಕಳಿಸಿದಾರೆ. ಬೆಳಿಗ್ಗೆ ಮೈದುನನ ವಾಟ್ಸಾಪ್ ಬಂತು: "ಅತ್ತಿಗೆ, ಸೂಪರ್! ನಂಗೂ ಒಂದು ಹೊಲ್ಕೊಡಿ, ಅಳತೆಗೆ ಅಂತ ನಾನು ಬರೋದೇನೂ ಬೇಡ, ನನ್ನ ವೇಯ್ಸ್ಟ್ 32."