ನೆಟ್ಟಿರಿ ಸರಿ, ನೀರು ಯಾರು ಹಾಕುತ್ತಾರೆ?

ಇವತ್ತು ನಮ್ಮ ಬಡಾವಣೆಯ ಪಾರ್ಕಿನಲ್ಲಿ ವನಮಹೋತ್ಸವ. ಶಾಮಿಯಾನ, ಮೈಕು, ಹಾರ ಎಲ್ಲ ಇತ್ತು. ಜನ ಚದುರಿದ ಮೇಲೆ ಹತ್ತಿರ ಹೋಗಿ ನೋಡಿದೆ. ಒಂದು ಹೊಂಗೆ ಗಿಡವನ್ನು ಕಪ್ಪು ಪ್ಲಾಸ್ಟಿಕ್ ಕವರ್ ಸಮೇತ ಗುಂಡಿಗೆ ಇಳಿಸಿ ಮಣ್ಣು ಮುಚ್ಚಿದ್ದಾರೆ! ಕವರ್ ಸೀಳುವಷ್ಟೂ ಪುರುಸೊತ್ತು ಇರಲಿಲ್ಲವೇ? ಬೇರು ಒಳಗೊಳಗೇ ಸುತ್ತಿಕೊಂಡು ಗಿಡ ಸೊರಗುತ್ತದೆ. ಮಣ್ಣು ಕೆದಕಿ, ಕವರ್ ಬಿಡಿಸಿ, ಮತ್ತೆ ನೆಟ್ಟು ಬಂದೆ. ಕೈಯ ಮಣ್ಣು ಹೋಯಿತು, ಸಿಟ್ಟು ಹೋಗಿಲ್ಲ.

ಹೋದ ವರ್ಷವೂ ಅಲ್ಲೇ ನೆಟ್ಟಿದ್ದರು. ಬೇಸಿಗೆ ಮುಗಿಯುವ ಮೊದಲೇ ಒಣಗಿ ಕಡ್ಡಿಯಾಗಿತ್ತು. ಈ ಸಲ ಅದೇ ಗುಂಡಿಯನ್ನು ಮತ್ತೆ ತೋಡಿದ್ದಾರೆ.

1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ ಈ ಹಬ್ಬ ಶುರು ಮಾಡಿದರು. ಜುಲೈ ಮೊದಲ ವಾರ ಒಳ್ಳೆಯ ಕಾಲವೇ, ಮಳೆಗೆ ಗಿಡ ಬೇಗ ಬೇರೂರುತ್ತದೆ. ಆದರೆ ಅದಕ್ಕೆ ನಾವು ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಮೊದಲ ಎರಡು ಮೂರು ಬೇಸಿಗೆ ದಾಟಿಸಿದರೆ ಆಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ಆದರೆ ಆ ಬೇಸಿಗೆಯಲ್ಲೇ ಪಾರ್ಕಿನ ಕಡೆ ಒಬ್ಬರೂ ಸುಳಿಯುವುದಿಲ್ಲ.

ಭಾಷಣದಲ್ಲಿ ಸಾಲುಮರದ ತಿಮ್ಮಕ್ಕನ ಹೆಸರು ಬಂತು, ಚಪ್ಪಾಳೆಯೂ ಬಿತ್ತು. ಕುದೂರು–ಹುಲಿಕಲ್ ರಸ್ತೆಯಲ್ಲಿ ಆಲದ ಸಸಿ ನೆಟ್ಟು ಸುಮ್ನೆ ಮನೆಗೆ ಹೋದವರಾ ಆಕೆ? ಗಂಡ ಚಿಕ್ಕಯ್ಯನ ಜೊತೆ ಕಿಲೋಮೀಟರ್‌ಗಟ್ಟಲೆ ನೀರು ಹೊತ್ತರು. ದನ ಬಾಯಿ ಹಾಕದಂತೆ ಸುತ್ತ ಮುಳ್ಳುಬೇಲಿ ಕಟ್ಟಿದರು. ಇಬ್ಬರೂ ಕೂಲಿ ಮಾಡಿ ಬದುಕುತ್ತಿದ್ದವರು. ಆ ನೀರಿನ ಮಾತನ್ನು ಇವತ್ತು ವೇದಿಕೆ ಮೇಲೆ ಯಾರೂ ಆಡಲಿಲ್ಲ. ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

‘ನೆಡುವುದನ್ನಾದರೂ ಮಾಡ್ತಾರಲ್ಲ, ನೂರರಲ್ಲಿ ಹತ್ತು ಉಳಿದರೂ ಲಾಭ ಅಲ್ವಾ?’ ಅಂದರು ಪಕ್ಕದ ಮನೆಯವರು. ನಾನು ಒಪ್ಪುವುದಿಲ್ಲ. ಉಳಿದ ತೊಂಬತ್ತು ಸಸಿಗಳೇನು ಬಿಟ್ಟಿ ಬಂದವೇ? ಬೀಜ ಆರಿಸಿ, ಮೊಳಕೆ ಬರಿಸಿ, ದಿನಾ ನೀರು ಹಾಕಿ ಬೆಳೆಸಿದವರಿದ್ದಾರೆ. ಅಂಕೋಲಾದ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿಗಳನ್ನು ಸಾಕುತ್ತಲೇ ದಶಕಗಳನ್ನು ಕಳೆದರು. ಅಂಥವರು ಕೈಯಾರೆ ಬೆಳೆಸಿದ್ದನ್ನು ಒಂದು ಫೋಟೋ ತೆಗೆದು ಸಾಯಲು ಬಿಡುವುದು ಅವರಿಗೆ ಮಾಡುವ ಅವಮಾನ.

ಈ ವಾರ ಗಿಡ ನೆಡಲು ಹೊರಟಿರುವ ಗೆಳೆಯರೇ, ನಿಮ್ಮಲ್ಲಿ ಒಂದು ವಿನಂತಿ. ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಕೊಡಲು ಆಗುತ್ತದೋ ಅಷ್ಟೇ ನೆಡಿ. ಯಾವ ವಾರ ಯಾರು ಬಿಂದಿಗೆ ಹಿಡಿಯಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮ ಪಾರ್ಕಿನ ಆ ಹೊಂಗೆಗೆ ಭಾನುವಾರದ ಪಾಳಿ ನನ್ನದು. ಉಳಿದ ದಿನಗಳಿಗೆ ಬಡಾವಣೆಯವರು ಯಾರಾದರೂ ಬರುವುದಾದರೆ ಕಾಮೆಂಟಿನಲ್ಲಿ ಹೆಸರು ಹಾಕಿ.